ವಿಸ್ಕಿ ಕಂಪನಿಯಲ್ಲಿ ನನ್ನದೂ ಒಂದು ವೋಟು

ಪುರೋಹಿತರ ಮನೆಯಲ್ಲಿ ಹುಟ್ಟಿದ ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ವಿಸ್ಕಿ ಕಂಪನಿಯ ಷೇರು ಕೊಂಡೆ. ಅಪ್ಪ ಇದ್ದಿದ್ದರೆ ಪಂಚಗವ್ಯ ಕುಡಿಸಿ ಶುದ್ಧಿ ಮಾಡಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಯೋಚನೆ ನನ್ನದಲ್ಲ, ಮಗನದು. ಬ್ಯಾಂಕಿನಲ್ಲಿದ್ದ ನನ್ನ ಠೇವಣಿಯ ಅವಧಿ ಮುಗಿದಿತ್ತು. ಅದರಲ್ಲಿ ಸ್ವಲ್ಪವನ್ನು ಹೊರದೇಶದ ಒಂದು ಹಳೆಯ ವಿಸ್ಕಿ ಕಂಪನಿಗೆ ಹಾಕೋಣ, ತಪ್ಪದೆ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಡುತ್ತದೆ ಎಂದ. ವಿನೋಬನಗರದ ಅವನ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಫೋನಿನಲ್ಲಿ ತೋರಿಸಿದ.

ಆ ಕಂಪನಿಯಲ್ಲಿ ಎರಡು ಥರದ ಷೇರು. ಒಂದಕ್ಕೆ ಕಂಪನಿಯ ಸಭೆಯಲ್ಲಿ ವೋಟಿದೆ, ಇನ್ನೊಂದಕ್ಕಿಲ್ಲ. ಡಿವಿಡೆಂಡ್ ಎರಡಕ್ಕೂ ಸಮ.

"ವೋಟಿಲ್ದೇ ಇರೋದೇ ತಗೋಳಮ್ಮ. ಕೊಳ್ಳೋರು ಜಾಸ್ತಿ, ಮಾರೋಕೆ ಸುಲಭ. ವೋಟಿರೋ ಷೇರು ಹೆಚ್ಚುಪಾಲು ಆ ಕಂಪನಿ ಕಟ್ಟಿದ ಮನೆತನದವರ ಹತ್ರಾನೇ ಇದೆ. ನಿನ್ನ ಹತ್ತು ವೋಟಿಂದ ಅಲ್ಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲ."

ಅವನ ಮಾತು ಸರಿಯಾಗಿಯೇ ಇತ್ತು. ಆದರೂ ಹೂಂ ಅನ್ನಲು ಬಾಯಿ ಬರಲಿಲ್ಲ. ಯೋಚಿಸಿ ಹೇಳ್ತೀನಿ ಎಂದೆ.

ನನ್ನ ಗಂಡ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದರು. ಯೂನಿಯನ್ನಿನ ಮನುಷ್ಯ, ಮನೆಯಲ್ಲೂ ಸಭೆಯ ರೂಲ್ಸು. ಕಾಗದನಗರದ ಆ ಪುಟ್ಟ ಕ್ವಾರ್ಟರ್ಸಿನಲ್ಲಿ ಮಿಕ್ಸಿ ಕೊಳ್ಳುವುದೋ ಫ್ಯಾನೋ, ರಜೆಗೆ ನನ್ನ ತವರಿಗೋ ಅವರ ಅಕ್ಕನ ಮನೆಗೋ, ಎಲ್ಲಕ್ಕೂ ಕೈ ಎತ್ತಿ ವೋಟು ಹಾಕಬೇಕು. ವೋಟಿರುವವರು ಇಬ್ಬರೇ, ಸಮ ಸಮ ಬಂದರೆ ಏನು ಗತಿ? ಅದಕ್ಕೆ ಅಧ್ಯಕ್ಷರ ನಿರ್ಣಾಯಕ ಮತವನ್ನು ಮದುವೆಯಾದ ಹೊಸತರಲ್ಲೇ ನನಗೆ ಕೊಟ್ಟುಬಿಟ್ಟಿದ್ದರು. ಅಂಥ ತಪ್ಪನ್ನು ಯೂನಿಯನ್ನಿನವರು ಮಾತ್ರ ಮಾಡಿಯಾರು. ಆಮೇಲೆ ಅವರು ಗೆಲ್ಲಬೇಕಾದರೆ ನನ್ನನ್ನು ಒಪ್ಪಿಸಲೇಬೇಕಾಯಿತು. ನಾನು ಮೊದಲು ವಿರೋಧವನ್ನೇ ಹೇಳುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ, "ಅಧ್ಯಕ್ಷರೇ" ಎಂದು ಭಾಷಣ ಶುರು ಮಾಡುತ್ತಿದ್ದರು. ನಾನು ಬೀನ್ಸ್ ಹೆಚ್ಚುತ್ತಾ, ಮುಖ ಗಂಟಿಕ್ಕಿಕೊಂಡು ಕೇಳುತ್ತಿದ್ದೆ. ನಿಜ ಹೇಳಿಬಿಡುತ್ತೇನೆ, ಎಷ್ಟೋ ಸಲ ಆ ಭಾಷಣ ಕೇಳುವುದಕ್ಕೆಂದೇ ವಿರೋಧಿಸುತ್ತಿದ್ದೆ.

ಒಂದು ಠರಾವು ಮಾತ್ರ ಯಾವ ವರ್ಷವೂ ಪಾಸಾಗಲಿಲ್ಲ. ಬೋನಸ್ ಬಂದ ದಿನ ಮನೆಯಲ್ಲೇ ಕೂತು ಒಂದು ಪೆಗ್ ಕುಡಿಯಬೇಕೆಂಬ ಆಸೆ ಅವರಿಗೆ. "ಒಂದೇ ಮಾರಾಯ್ತಿ, ವರ್ಷಕ್ಕೆ ಒಂದೇ," ಎನ್ನುತ್ತಿದ್ದರು. ಅಪ್ಪನಿಗೆ ಗೊತ್ತಾದರೆ, ಪಕ್ಕದ ಮನೆಯವರು ನೋಡಿದರೆ ಎಂದು ಹೆದರಿ ನಾನು ಕೈ ಎತ್ತಲೇ ಇಲ್ಲ. ಸೋತವರು ನಕ್ಕು, ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು. ಕದ್ದು ಹೊರಗೆ ಕುಡಿದು ಬಂದವರೂ ಅಲ್ಲ. ಅವರು ಹೋಗಿ ಆರು ವರ್ಷವಾಯಿತು. ಒಂದು ವರ್ಷವಾದರೂ ಕೈ ಎತ್ತಬಹುದಿತ್ತು ನಾನು. ಈಗ ನೋಡಿದರೆ ವಿಸ್ಕಿ ಕಂಪನಿಯನ್ನೇ ಚೂರು ಚೂರಾಗಿ ಕೊಳ್ಳಲು ಹೊರಟಿದ್ದೆ.

ಮಗನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಎದ್ದ ಕೂಡಲೇ ಕಾಫಿ ಬರುತ್ತದೆ, ಮಾತ್ರೆ ಮುಗಿಯುವ ಮೊದಲೇ ಹೊಸದು ಬರುತ್ತದೆ, ಸೊಸೆ ಎದುರುತ್ತರ ಕೊಟ್ಟವಳಲ್ಲ. ಗೋಡೆಗೆ ಯಾವ ಬಣ್ಣ ಎಂಬುದು ಮಾತ್ರ ನನಗೆ ಬಳಿದ ಮೇಲೆ ತಿಳಿಯುತ್ತದೆ. "ನಿಮ್ಮನೇಲಿ ಡಿವಿಡೆಂಡ್ ತಪ್ಪಲ್ಲ ಕಣೋ, ವೋಟಿಲ್ಲ ಅಷ್ಟೆ," ಎಂದು ಒಂದು ದಿನ ಸಿಡುಕಿದೆ.

"ಹದಿನೆಂಟು ತುಂಬೋವರ್ಗೂ ನೀವಿಬ್ರೂ ನಂಗೂ ವೋಟು ಕೊಡ್ಲಿಲ್ವಲ್ಲಮ್ಮ," ಎಂದ ಅವನು. "ಕೊಟ್ಟಾಗ ನಾನು ಹಾಸ್ಟೆಲ್ ಸೇರಾಗಿತ್ತು."

ಅದೂ ನಿಜವೇ. ಅವನ ಮೇಲಿನ ಸಿಟ್ಟು ಇಳಿಯಿತು, ವೋಟಿನ ಆಸೆ ಇಳಿಯಲಿಲ್ಲ.

ಮರುದಿನ ಯಾರಿಗೂ ಹೇಳದೆ ಭದ್ರಾವತಿ ಬಸ್ಸು ಹತ್ತಿದೆ. ನಮ್ಮ ಕ್ವಾರ್ಟರ್ಸಿಗೆ ಬೀಗ ಬಿದ್ದಿತ್ತು, ಅಂಗಳದಲ್ಲಿ ಮೊಣಕಾಲುದ್ದದ ಹುಲ್ಲು. ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಅವರು ಒರಗುತ್ತಿದ್ದ ಬಾಗಿಲಿನ್ನೂ ಇತ್ತು. ಅವರು ಬೇಕು ಅನ್ನಿಸಿತು; ಬೇರೆ ಯಾವ ಮಾತೂ ಹೊಳೆಯಲಿಲ್ಲ. ವಾಪಸ್ ಬಂದವಳೇ ಮಗನಿಗೆ, "ವೋಟಿರೋದೇ ತಗೋ," ಎಂದೆ. ಅವನು ನನ್ನ ಮುಖ ನೋಡಿ, ಫೋನು ತೆಗೆದು ಅದನ್ನೇ ಕೊಂಡ.

ಕಂಪನಿಯ ವಾರ್ಷಿಕ ಸಭೆಗೆ ಮುಂಚೆ ನನ್ನ ಫೋನಿಗೆ ಮತಪತ್ರ ಬಂತು. ಮಗ ತೆರೆದು ವಿವರಿಸಿದ: ನಿರ್ದೇಶಕರ ಆಯ್ಕೆ, ಅವರ ಸಂಬಳ, ಲೆಕ್ಕ ಪರಿಶೋಧಕರ ನೇಮಕ. ಪ್ರತಿಯೊಂದರ ಮುಂದೆಯೂ ಪರ, ವಿರೋಧ ಎಂದು ಒತ್ತುವ ಜಾಗ. ಹೇಳಿಕೊಟ್ಟು ಅವನು ಆಫೀಸಿಗೆ ಹೋದ. ನಾನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಎಲ್ಲಕ್ಕೂ ವಿರೋಧ ಒತ್ತಿದೆ. ಆ ನಿರ್ದೇಶಕರ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಮುಖವನ್ನೇ ಕಂಡವಳಲ್ಲ.

ನಿಮ್ಮ ಮತ ಸ್ವೀಕರಿಸಲಾಗಿದೆ, ಧನ್ಯವಾದ ಎಂದು ಇಂಗ್ಲಿಷಿನಲ್ಲಿ ಬಂತು. ಫೋನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದೆ. ನನ್ನನ್ನು ಒಪ್ಪಿಸಲು ಯಾರೂ ಬರಲಿಲ್ಲ.