ಮೂರು ಸೀಡಿಗಳಿಗೆ ಗಂಧ ಹಚ್ಚಿದ ನವರಾತ್ರಿ

ಒಂದು ಸೀಡಿ ಬರೆದು ಮುಗಿಯುವ ತನಕ ಮನೆಯವರೆಲ್ಲ ಮೆಲ್ಲಗೆ ಹೆಜ್ಜೆ ಇಡುತ್ತಿದ್ದ ಕಾಲ ಅದು. ಭಟ್ಕಳದಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ. ನಾನಾಗ ಐದನೆಯ ತರಗತಿ. ಆರನೆಯದೂ ಇದ್ದಿರಬಹುದು. ರೀಲಿನ ಕ್ಯಾಮೆರಾ ಹೋಗಿ ಡಿಜಿಟಲ್ ಕ್ಯಾಮೆರಾ ಬಂದಿತ್ತು ಎಂಬುದು ಮಾತ್ರ ಖಚಿತ. ಏಕೆಂದರೆ ಫೋಟೋ ತೊಳೆಯುತ್ತಿದ್ದ ಕತ್ತಲೆ ಕೋಣೆಯಲ್ಲಿ ಆಗಲೇ ಈರುಳ್ಳಿ ಇಡುತ್ತಿದ್ದರು, ಆ ಈರುಳ್ಳಿಗೆಲ್ಲ ಹುಳಿಹುಳಿ ರಾಸಾಯನಿಕದ ವಾಸನೆ ಹತ್ತಿರುತ್ತಿತ್ತು.

ಫೋಟೋ ತೆಗೆಯುವವನು ಅಪ್ಪ. ಕಂಪ್ಯೂಟರ್ ಅಮ್ಮನದು. ದಿನಾ ಬಸ್ಸಿನಲ್ಲಿ ಕುಮಟೆಗೆ ಹೋಗಿ ಮೂರು ತಿಂಗಳು ಕಲಿತು ಬಂದಿದ್ದಳು. ಹಾರ್ಡ್ ಡಿಸ್ಕಿನ ಹೊಟ್ಟೆ ಚಿಕ್ಕದು, ಎರಡು ತಿಂಗಳಿಗೆ ತುಂಬಿಬಿಡುತ್ತಿತ್ತು. ಆಗ ಹಳೆಯ ಫೋಟೋಗಳನ್ನು ಸೀಡಿಗೆ ಬರೆದು ಕಂಪ್ಯೂಟರಿನಿಂದ ಅಳಿಸಬೇಕು. ಅಮ್ಮ ಎಲ್ಲಕ್ಕಿಂತ ನಿಧಾನದ ವೇಗವನ್ನೇ ಆರಿಸುತ್ತಿದ್ದಳು. ಆ ಇಪ್ಪತ್ತು ನಿಮಿಷ ಯಾರೂ ಮೌಸ್ ಮುಟ್ಟಬಾರದು, ಮೇಜಿಗೆ ತಾಗಬಾರದು, ಒಳಗೆ ಮಿಕ್ಸಿ ಹಾಕಬಾರದು. ನಡುವೆ ಕರೆಂಟ್ ಹೋಗಿ ಹಾಳಾದ ಸೀಡಿಗಳನ್ನು ಅಪ್ಪ ಹಕ್ಕಿ ಬೆದರಿಸಲು ಹಿತ್ತಲ ಹರಿವೆ ಸೊಪ್ಪಿನ ಮಡಿಗೆ ಕಟ್ಟುತ್ತಿದ್ದ.

ಮಗನ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದ ಪಕ್ಕದ ಬೀದಿಯ ಸಾಹೇಬರೊಬ್ಬರು ಬೆಂಚಿನ ಮೇಲೆ ಕಾದು ಕಾದು ಸೋತರು. "ಭಾಭಿ, ದುಬೈ ವಿಮಾನ ಆದ್ರೂ ಬೇಗ ಹೊರಡ್ತದೆ, ನಿಮ್ಮ ಸೀಡಿ ಹೊರಡೂದಿಲ್ಲ."

"ವಿಮಾನದಲ್ಲಿ ನಿಮ್ಮ ಮಗ ಒಬ್ನೇ ಸಾಹೇಬ್ರೆ. ಇದ್ರಲ್ಲಿ ನಾಕ್ನೂರು ಜನ ಕೂತಿದಾರೆ" ಎಂದಳು ಅಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಬರೆದು ಆದ ಮೇಲೂ ಕೂಡಲೇ ಅಳಿಸುತ್ತಿರಲಿಲ್ಲ. ಬೆಚ್ಚಗಿನ ಸೀಡಿಯನ್ನು ಹೊರಗೆ ತೆಗೆದು, ಮತ್ತೆ ಒಳಗಿಟ್ಟು, ಒಂದೊಂದೇ ಮುಖವನ್ನು ತೆರೆದು ನೋಡುವಳು. ನೋಡಿ ಆದವರ ಹೆಸರು, ಊರು, ಸೀಡಿಯ ಅಂಕೆ ನೋಟ್‌ಬುಕ್ಕಿಗೆ. ಪಕ್ಕದೂರು ಹೆಬಳೆಯ ಮುದುಕರು, ಶಾಲೆಗೆ ಹೊಸದಾಗಿ ಸೇರುವ ಮಕ್ಕಳು, ಎಲ್ಲರೂ ಅವಳ ಕಣ್ಣ ಮುಂದೆ ಹಾದು ಹೋಗಬೇಕು. ಆಮೇಲೆ ಅಳಿಸುವಳು. ಇಷ್ಟು ತಾಳ್ಮೆ ಅವಳಿಗೆ ಎಲ್ಲಿಂದ ಬಂತೋ, ನನಗೆ ಇಂದಿಗೂ ಬಂದಿಲ್ಲ.

ಆ ನವರಾತ್ರಿಯಲ್ಲಿ ಶಾರದೆಯ ಮುಂದೆ ನನ್ನ ಪುಸ್ತಕಗಳ ಜೊತೆ ಅಪ್ಪನ ಕ್ಯಾಮೆರಾ ಮತ್ತು ಅಮ್ಮನ ಸೀಡಿಗಳ ಡಬ್ಬಿಯೂ ಕೂತವು. ಪೂಜೆಗೆ ಇಟ್ಟ ಮೇಲೆ ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ. ಓದುವ ಹಾಗೂ ಇಲ್ಲ, ನಮಗೆ ಅದೇ ಹಬ್ಬ. ಅಪ್ಪ ಡಬ್ಬಿಯ ಮುಚ್ಚಳಕ್ಕೆ ಗಂಧ ಹಚ್ಚಿದ. ನನಗೆ ಸಮಾಧಾನವಾಗಲಿಲ್ಲ. ಮುಚ್ಚಳಕ್ಕೆ ಹಚ್ಚಿದರೆ ಒಳಗಿರುವವರಿಗೆ ತಲುಪುತ್ತದೆಯೇ? ಎಲ್ಲರೂ ಪಂಚಕಜ್ಜಾಯಕ್ಕೆ ಕೂತಾಗ ಡಬ್ಬಿ ತೆರೆದು ಮೇಲಿನ ಮೂರು ಸೀಡಿ ತೆಗೆದೆ. ಹೊಳೆಯುವ ಬದಿಯೇ ಅವುಗಳ ಮುಖ ಎಂದುಕೊಂಡು ದಪ್ಪಗೆ ಗಂಧ ಬಳಿದೆ, ತೂತಿನ ಸುತ್ತ ಕುಂಕುಮ ಇಟ್ಟೆ.

ಆಗ ನಾನು ಬರೆಯುತ್ತಿದ್ದ ದಿನಚರಿಯಲ್ಲಿ ಆ ದಿನದ ಬಗ್ಗೆ "ಪಂಚಕಜ್ಜಾಯ ಚೆನ್ನಾಗಿತ್ತು" ಎಂದಷ್ಟೇ ಇದೆ. ಭಕ್ತಿಯಿಂದ ಹಚ್ಚಿದೆನೋ, ಹೊಳಪಿನ ಮೇಲೆ ಬೆರಳಾಡಿಸುವ ಆಸೆಗೋ, ಈಗ ಹೇಳಲಾರೆ. ಗಂಧ ಒಣಗಿ, ಗದ್ದೆಯ ಕೆಸರಿನ ಹಾಗೆ ಬಿರುಕು ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ. ವಿಜಯದಶಮಿಯ ಬೆಳಿಗ್ಗೆ ಹೆದರಿ, ಯಾರಿಗೂ ಹೇಳದೆ ಬಾವಿಕಟ್ಟೆಗೆ ಒಯ್ದು, ಪಾತ್ರೆ ತಿಕ್ಕುವ ತೆಂಗಿನ ನಾರಿನಿಂದ ತಿಕ್ಕಿದೆ. ಗಂಧ ಹೋಯಿತು. ಹೊಳಪೂ ಒಂದಿಷ್ಟು ಹೋಯಿತು. ಮೊದಲಿನಂತೆ ಡಬ್ಬಿಯಲ್ಲಿಟ್ಟು ಸುಮ್ಮನಾದೆ.

ದೀಪಾವಳಿ ಕಳೆದ ಮೇಲೆ ಮಾದೇವಿ ಬಂದಳು. ಬೆಳಕೆಯಿಂದ ನಮ್ಮ ಓಣಿಗೆ ಮೀನು ಹೊತ್ತು ತರುವವಳು. ಬಂಗಡೆ ಚಿಕ್ಕದಾಯಿತೆಂದರೆ "ನಿಮ್ಮ ಯಜಮಾನ್ರ ಹತ್ರ ಫೋಟೋ ತೆಗ್ಸಿ ದೊಡ್ಡ ಮಾಡ್ಕಣಿ" ಎನ್ನುವ ಹೆಂಗಸು. ಅಂದು ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಸೊಂಟದ ಮೇಲೆ ಇನ್ನೂ ನಡೆಯಲು ಬಾರದ ಮಗನಿದ್ದ. ಗಂಡ ದುರ್ಗಪ್ಪ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಿದ್ದ.

"ಸುಜಾತಕ್ಕ, ದೋಣಿ ಕಾಗದಕ್ಕೆ ಅಂತ ಇಲ್ಲೇ ಒಂದ್ ಫೋಟೋ ತೆಗ್ಸಿದ್ರು. ಎಲ್ಲಾ ಅರ್ಜಿಗೆ ಅಂಟ್ಸಿ ಹೋತು. ಮನೇಲಿ ಒಂದೂ ಇಲ್ಲ. ನಾಳೆ ಈ ಮಗೀಗೆ ಅಪ್ಪ ಅಂತ ಎಂತ ತೋರ್ಸೂದು ನಾನು?"

"ಇದೆ ಮಾದೇವಿ. ನಾನೇ ನೋಡಿಟ್ಟಿದ್ದೆ."

ಅಮ್ಮ ನೋಟ್‌ಬುಕ್ಕಿನಲ್ಲಿ ಹೆಸರು ಹುಡುಕಿದಳು. ಹನ್ನೊಂದನೆಯ ಸೀಡಿ. ಅದನ್ನು ತೆಗೆದು ಬೆಳಕಿಗೆ ಹಿಡಿದವಳ ಕಣ್ಣು ಹಾಗೇ ನನ್ನತ್ತ ತಿರುಗಿತು. ನಾನಾಗಲೇ ಅಳುತ್ತಿದ್ದೆ.

"ಹೆಣ್ಣು ಎಂತಕ್ಕೆ ಅಳ್ತದೆ?" ಎಂದಳು ಮಾದೇವಿ.

"ಸೀಡಿಗೆ ಗೀರು ಬಿದ್ದಿದೆ. ತಪ್ಪು ನಂದು ಮಾದೇವಿ, ಒಂದೇ ಬರ್ದಿಟ್ಟೆ. ಎರಡು ಬರೀಬೇಕಿತ್ತು. ನಾಡಿದ್ದು ಬಾ."

ಅಮ್ಮ ಮತ್ತೆ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಸೀಡಿ ತೊಳೆಯಲು ಕೂತಳು. ತಣ್ಣೀರು, ಹಳೆಯ ಸೀರೆಯ ಮೆತ್ತನೆಯ ತುಂಡು. ಒರೆಸುವುದು ನಡುವಿನಿಂದ ಅಂಚಿಗೆ, ಎಂದೂ ಸುತ್ತಾಗಿ ಅಲ್ಲ. ಆಮೇಲೆ ಗೀರುಗಳ ಮೇಲೆ ಬೆರಳ ತುದಿಯಿಂದ ಹಲ್ಲುಜ್ಜುವ ಪೇಸ್ಟ್. ತೊಳೆದು ಹಾಕುವಳು, ಡ್ರೈವ್ ಕೊರಕೊರ ಎಂದು ಸೋಲುವುದು, ಮತ್ತೆ ತೊಳೆಯುವಳು. ಎರಡನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ದುರ್ಗಪ್ಪ ನಿಧಾನವಾಗಿ ಇಳಿಯತೊಡಗಿದ. ಕೂದಲು, ಹಣೆ, ಹುಬ್ಬು, ಕಣ್ಣು, ಮೂಗು. ಅಲ್ಲಿಗೆ ನಿಂತ. ಕೆಳಗೆಲ್ಲ ಬೂದು ಬಣ್ಣ. ಸಂಜೆಯವರೆಗೂ ಅಮ್ಮ ಬಿಡಲಿಲ್ಲ. ಬಾಯಿ ಬರಲೇ ಇಲ್ಲ.

"ಕೆಳಗೆ ಬೇರೆ ಯಾರದ್ದಾದ್ರೂ ಕೂಡ್ಸಿ ಕೊಡ್ವನಾ? ಕೋಟು ಟೈ ಕೂಡ್ಸೂದಿಲ್ವಾ ನಾವು?" ಎಂದ ಅಪ್ಪ.

"ಬೇಡ. ಬಂದಷ್ಟೇ ಕೊಡ್ವ" ಎಂದಳು ಅಮ್ಮ.

ಮಾದೇವಿ ಆ ಅರ್ಧ ಮುಖವನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. "ಬಾಯಿ ಬರ್ದೇ ಇದ್ದದ್ದೇ ಒಳ್ಳೇದಾತು ಸುಜಾತಕ್ಕ. ಬಂದಿದ್ರೆ ಇಷ್ಟೊತ್ತಿಗೆ ನಂಗೆ ಬೈತಿದ್ರು" ಎಂದು ನಕ್ಕಳು. ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಂದಿನಿಂದ ಅಮ್ಮ ಎರಡೆರಡು ಬರೆದಳು, ಒಂದು ಕಂತೆ ಹೊನ್ನಾವರದ ಮಾವನ ಮನೆಯ ಕಪಾಟಿಗೆ ಹೋಗುತ್ತಿತ್ತು. ಈಗ ಸ್ಟುಡಿಯೋ ಇಲ್ಲ, ಸೀಡಿ ಓದುವ ಯಂತ್ರವೂ ನಮ್ಮಲ್ಲಿಲ್ಲ. ನನ್ನ ಫೋನಿನಿಂದ ಸಾವಿರಾರು ಮುಖಗಳು ತಾವಾಗಿಯೇ ಎಲ್ಲಿಗೋ ಹೋಗಿ ಭದ್ರವಾಗುತ್ತವಂತೆ. ಭದ್ರವಾದವೇ ಎಂದು ನಾನು ಒಂದನ್ನೂ ತೆರೆದು ನೋಡಿದವಳಲ್ಲ.

ಕಳೆದ ವರ್ಷ ಪೇಟೆಯಲ್ಲಿ ಮಾದೇವಿಯ ಮಗ ಸಿಕ್ಕಿದ. ಮೀಸೆ ಬಂದ ಗಂಡಸು.

"ಅಕ್ಕ, ನೀವು ನಮ್ಮ ಅಪ್ಪನ್ನ ನೋಡಿದ್ರಿ ಅಲ್ದಾ? ಬಾಯಿ ನನ್ ಹಾಗೇ ಇತ್ತಾ?"

ಎಲೆಯಡಿಕೆಗೆ ಕೆಂಪಾದ ತುಟಿಯೊಂದು ಥಟ್ಟನೆ ಕಣ್ಣ ಮುಂದೆ ಬಂತು. ಹೇಳಲು ಹೊರಟೆ. ಅದು ನಾನು ಕಂಡದ್ದೋ, ಇಷ್ಟು ವರ್ಷಗಳಲ್ಲಿ ನಾನೇ ಕೂಡಿಸಿದ್ದೋ? ಅವನು ಕಾಯುತ್ತ ನಿಂತಿದ್ದ.

"ನೋಡಿದ್ದೆ ತಮ್ಮಾ" ಎಂದೆ. "ಆದ್ರೆ ನೆನಪಿಲ್ಲ."