ಎಫ್ರೆನನ ಬ್ರೇಕಿಗೆ ಎಲೋದಿಯಾಳ ಕಾಲು

ಗಿರಣಿಯಿಂದ ಮೆಕ್ಕೆಜೋಳದ ಹಿಟ್ಟಿನ ಬಕೆಟ್ಟು ಹೊತ್ತುಕೊಂಡು ಏರು ಹತ್ತುತ್ತಿದ್ದ ಎಲೋದಿಯಾಳಿಗೆ ಬೀದಿಯ ತಿರುವಿನಲ್ಲೇ ಗಂಡನ ದನಿ ಕೇಳಿಸಿತು. "ಒತ್ತಿ... ಹಿಡ್ಕೊಳ್ಳಿ... ಬಿಡಿ."

ಅವಳು ನಿಂತುಬಿಟ್ಟಳು. ಒತ್ತಿ ಅಂತೆ, ಹಿಡ್ಕೊಳ್ಳಿ ಅಂತೆ. ಮದುವೆಯಾದಾಗಿನಿಂದ ತನಗೆ ಬರೀ ಒತ್ತು, ಹಿಡ್ಕೊ, ಬಿಡು. ಇವತ್ತು ಇಷ್ಟೊಂದು ಮರ್ಯಾದೆ ಕೊಟ್ಟು ಯಾರನ್ನು ಕೂರಿಸಿಕೊಂಡಿದ್ದಾನೆ ಈ ಮಹಾರಾಯ?

ಕ್ವಾಉತೆಪೆಕ್ಕಿನ ಗುಡ್ಡದಲ್ಲಿ ಬ್ರೇಕು ಅಂದರೆ ಹುಡುಗಾಟವಲ್ಲ. ರಸ್ತೆಗಳು ಗೋಡೆಗೆ ಒರಗಿಸಿದ ಏಣಿಯ ಹಾಗಿವೆ. ಅವುಗಳ ಮೇಲೆ ಏದುಸಿರು ಬಿಡುತ್ತ ಓಡಾಡುವ ಗುಂಡಗುಂಡನೆಯ ಹಳೇ ವೋಚೋ ಕಾರುಗಳೆಲ್ಲ ಒಂದಲ್ಲ ಒಂದು ದಿನ ಅವಳ ಗಂಡ ಎಫ್ರೆನನ ರಿಪೇರಿ ಅಂಗಳಕ್ಕೆ ಬರಲೇಬೇಕು. ಬ್ರೇಕು ಬಿಚ್ಚಿ ಕಟ್ಟಿದ ಮೇಲೆ ಅದರ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಬೇಕು. ಒಬ್ಬರು ಒಳಗೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಮಲಗಿ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ಪೆಡಲು ಮೆತ್ತಗಿದೆಯೋ ಗಟ್ಟಿಯಾಯಿತೋ ಅನ್ನುವುದು ಕೆಳಗಿದ್ದವನಿಗೆ ತಿಳಿಯುವುದಿಲ್ಲ, ಒತ್ತುವ ಕಾಲಿಗೇ ತಿಳಿಯಬೇಕು. ಎಫ್ರೆನನಿಗೆ ಆ ಕಾಲು ಎಲೋದಿಯಾಳದು.

ಪ್ರೀತಿ ಶುರುವಾಗಿದ್ದೂ ಹಾಗೆಯೇ. ಅವಳಾಗ ಎದುರು ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. "ಸ್ವಲ್ಪ ಬಂದು ಇದನ್ನ ಒತ್ತಿ ಹಿಡೀತೀರಾ?" ಎಂದು ಕರೆದ ಗ್ರೀಸು ಮೆತ್ತಿದ ಹುಡುಗನಿಗೆ ಅವಳು ಮೂಗು ಮುರಿದಿದ್ದಳು, ಆದರೆ ಹೋಗಿದ್ದಳು. ಮಕ್ಕಳಾಗಲಿಲ್ಲ. ಅವರಿವರು ಆಡಿಕೊಂಡರು. ಆದರೂ ಒಲೆ ಮೇಲೆ ಅವರೆ ಬೇಯಿಸುತ್ತಿದ್ದರೂ, ಜ್ವರ ಬಂದು ಮಲಗಿದ್ದರೂ, "ಮುದುಕೀ, ಬಾರೇ" ಎಂದರೆ ಅವಳು ಎದ್ದು ಬರುತ್ತಿದ್ದಳು. ಈ ಗುಡ್ಡದ ಅರ್ಧ ಕಾರುಗಳು ನಿಲ್ಲುವುದು ನನ್ನ ಕಾಲಿನಿಂದ ಎಂದು ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಆ ಜಾಗದಲ್ಲಿ ಈಗ ಗ್ರಿಸೆಲ್ದಾ ಕೂತಿದ್ದಳು. ಮೇಲಿನ ಬಡಾವಣೆಯಲ್ಲಿ ಕೇಕು ಮಾಡಿ ಮಾರುವವಳು, ಗಂಡನಿಂದ ಬೇರೆಯಾದವಳು. ಅವಳ ಹಸಿರು ವೋಚೋ ಮುದಿಯಾಗಿ, ಎರಡನೇ ಗೇರು ಹುಡುಕಿದರೆ ರಿವರ್ಸಿಗೆ ಬೀಳುತ್ತಿತ್ತು. ಎಫ್ರೆನ್ ಹಿಂದಿನ ಸೀಟು ಎತ್ತಿ, ಗೇರಿನ ಸರಳಿನ ಜೋಡಣೆ ಬಿಚ್ಚಿ, ಪುಡಿಯಾಗಿದ್ದ ಬುಷ್ಷು ಬದಲಿಸಿದ್ದ. ಆಮೇಲೆ ಗೇರಿನ ಲಿವರು ಸ್ವಲ್ಪ ಬಿಗಿ ಎಂದು ಬಂದಳು. ಈಗ ಬ್ರೇಕು. ಬಂದಾಗಲೆಲ್ಲ ಒಂದು ನಗು, ಒಂದು ತುಂಡು ಕೇಕು. ಎಲೋದಿಯಾಳ ಹೊಟ್ಟೆಯಲ್ಲಿ ಮೊದಲ ತುಂಡು ಬಂದ ದಿನದಿಂದಲೇ ಕೆಂಡ ಬಿದ್ದಿತ್ತು.

"ನಿನ್ನ ಕೆಲ್ಸ ಬೇರೆಯವ್ರ ಪಾಲಾಯ್ತಲ್ಲೇ, ಎಲೋದಿಯಾ," ಎಂದಳು ಎದುರಿನ ಕೆಸದಿಯಾ ರೊಟ್ಟಿ ಅಂಗಡಿಯ ದೋನ್ಯಾ ಚೋಲೆ, ಕಾವಲಿಯಿಂದ ಕಣ್ಣೆತ್ತದೆ.

"ನಿನ್ನ ಕಾವಲಿ ಸೀಯ್ತಿದೆ, ಅದನ್ನ ನೋಡ್ಕೊ," ಎಂದು ಎಲೋದಿಯಾ ಅಂಗಳಕ್ಕೆ ನುಗ್ಗಿದಳು.

ಗ್ರಿಸೆಲ್ದಾ ನಗುತ್ತ ಇಳಿದಳು. "ಬನ್ನಿ ದೋನ್ಯಾ ಎಲೋದಿಯಾ. ನೀವು ಗಿರಣಿಗೆ ಹೋಗಿದ್ರಲ್ಲ, ಅವಸರ ಅಂತ ನಾನೇ ಕೂತೆ. ಹುಡುಗಿಯೊಬ್ಬಳ ಹದಿನೈದನೇ ಹುಟ್ಟುಹಬ್ಬದ ಕೇಕು ಕಾರೊಳಗಿದೆ, ಕ್ರೀಮು ಕರಗತ್ತೆ. ಗೇರು ಮಾತ್ರ ಮೇಸ್ತ್ರಿ ಏನ್ ಮಾಡಿದಾರೆ ಅಂತೀರಿ, ಬೆಣ್ಣೇಲಿ ಕೂದ್ಲು ತೆಗೆದ ಹಾಗೆ ಬೀಳತ್ತೆ."

ಮೇಸ್ತ್ರಿಯಂತೆ, ಬೆಣ್ಣೆಯಂತೆ. ಎಲೋದಿಯಾ ಬಕೆಟ್ಟು ಕೆಳಗಿಟ್ಟು ಸೀಟಿನಲ್ಲಿ ಕೂತಳು. ಸೀಟು ಇನ್ನೂ ಬೆಚ್ಚಗಿತ್ತು. ಆ ಬಿಸಿಗೆ ಅವಳ ಮೈಯೆಲ್ಲ ಉರಿದುಹೋಯಿತು.

ಉಳಿದದ್ದು ಮುಂದಿನ ಎಡಗಾಲಿ ಒಂದೇ. ಎಫ್ರೆನ್ ಕೆಳಗಿನಿಂದ ಕೂಗಿದ. "ಒತ್ತು. ಹಿಡ್ಕೊ. ಬಿಡು. ಇನ್ನೊಂದ್ಸಲ. ಹೇಗಿದೆ ಮುದುಕಿ?"

ಪೆಡಲು ಮೆತ್ತಗೆ ಕೆಳಗಿಳಿಯಿತು. ಗಾಳಿ ಇನ್ನೂ ಇದೆ. ಇದೆ ಎಂದರೆ ಮತ್ತೆ ಎಲ್ಲ ಗಾಲಿ ಸುತ್ತಬೇಕು, ಇವಳು ಇಲ್ಲೇ ಹಲ್ಲು ಕಿರಿಯುತ್ತ ನಿಂತಿರುತ್ತಾಳೆ, ಊಟದ ಹೊತ್ತಾದರೆ ಎಫ್ರೆನ್ ಊಟಕ್ಕೂ ಕೂರಿಸುತ್ತಾನೆ. ತೊಲಗಲಿ ಎನಿಸಿತು. ದಾರಿಯಲ್ಲಿ ಒಂದಿಷ್ಟು ಹೆದರಿ, ಇವನ ಕೈಗುಣದ ಮೇಲೆ ನಂಬಿಕೆ ಕಳೆದುಕೊಂಡು ಇನ್ನೊಬ್ಬ ಮೆಕ್ಯಾನಿಕ್ಕನ್ನು ಹುಡುಕಿಕೊಳ್ಳಲಿ ಎಂದೂ ಎನಿಸಿತು.

"ಕಲ್ಲಿನ ಹಾಗಿದೆ," ಎಂದು ಹೇಳಿ ಕಾರಿನಿಂದ ಇಳಿದಳು.

ಎಫ್ರೆನ್ ತಿರುಪು ಬಿಗಿದು, ಗಾಲಿ ಹಾಕಿ ಎದ್ದ. "ಒಂದು ಸುತ್ತು ನಾನೇ ಓಡ್ಸಿ ನೋಡ್ಬಿಡ್ತೀನಿ," ಎಂದ.

"ಹೊತ್ತಾಯ್ತು ಮೇಸ್ತ್ರಿ. ಸರಿಯಾಗಿದೆ ತಾನೆ?"

"ಸರಿಯಾಗಿರತ್ತೆ. ಎಲೋದಿಯಾ ಹೇಳಿದ್ಮೇಲೆ ಮುಗೀತು." ಅವನು ಕೈ ತೊಳೆಯಲು ತೊಟ್ಟಿಯ ಕಡೆ ನಡೆದ.

ಆ ಮಾತು ಎಲೋದಿಯಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಗ್ರಿಸೆಲ್ದಾ ಕಾರು ಶುರು ಮಾಡಿಯಾಗಿತ್ತು. ಗೇಟು ದಾಟಿದರೆ ನಾಲ್ಕು ಹೆಜ್ಜೆ ಸಮತಟ್ಟು, ಆಮೇಲೆ ಕೆಳಗೆ ಸಂತೆಯವರೆಗೂ ಒಂದೇ ಇಳಿಜಾರು. ಅಲ್ಲಿ ಈ ಹೊತ್ತಿಗೆ ಜನವೋ ಜನ. ಎಲೋದಿಯಾ ಬಕೆಟ್ಟು ಎಡವಿ ಹಿಟ್ಟು ಚೆಲ್ಲಿದ್ದನ್ನೂ ನೋಡದೆ ಓಡಿದಳು. ಕಾರಿನ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತಳು.

ಗ್ರಿಸೆಲ್ದಾ ಬ್ರೇಕು ಒತ್ತಿದಳು. ಪೆಡಲು ತಳಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ.

"ಹ್ಯಾಂಡ್ ಬ್ರೇಕ್ ಎಳಿಯೇ!" ಎಂದು ಎಲೋದಿಯಾ ಕೂಗಿದಳು.

ಗ್ರಿಸೆಲ್ದಾ ಎಳೆದಳು. ವೋಚೋದ ಮೂತಿ ಎಲೋದಿಯಾಳ ಮೊಣಕಾಲಿಗೆ ತಾಗಿ ನಿಂತಿತು. ಒಳಗೆ ಕೇಕಿನ ಡಬ್ಬಿ ಮಗುಚಿಕೊಂಡಿತ್ತು.

ಎಫ್ರೆನ್ ಒದ್ದೆ ಕೈಯಲ್ಲೇ ಓಡಿಬಂದ. ಬಾಗಿ, ಕೈಯಿಂದಲೇ ಪೆಡಲು ಅದುಮಿ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ.

"ಕಲ್ಲಿನ ಹಾಗಿದೆ ಅಂದ್ಯಲ್ಲ."

"ಸುಳ್ಳು ಹೇಳ್ದೆ."

"ಯಾಕೆ?"

ಚೋಲೆ ಕಾವಲಿ ಬಿಟ್ಟು ಬಂದು ನಿಂತಿದ್ದಳು. ಬೀದಿಯೇ ನೋಡುತ್ತಿತ್ತು. "ಹೊಟ್ಟೆಕಿಚ್ಚಿಗೆ," ಎಂದಳು ಎಲೋದಿಯಾ. "ಇವಳು ನನ್ನ ಜಾಗದಲ್ಲಿ ಕೂತಿದ್ದು ನೋಡಿ ತಡ್ಕೊಳಕ್ಕಾಗ್ಲಿಲ್ಲ."

ಗ್ರಿಸೆಲ್ದಾ ಕಾರಿನಿಂದ ಇಳಿದಿದ್ದಳು. ಅವಳು ಎಫ್ರೆನನನ್ನು ಮೇಲಿಂದ ಕೆಳಗೆ ನೋಡಿದಳು, ಅವನ ಬೊಜ್ಜನ್ನೂ ಹರಿದ ಅಂಗಿಯನ್ನೂ. "ನಂಗೆ ಬೇಕಾಗಿದ್ದಿದ್ದು ಬ್ರೇಕು, ದೋನ್ಯಾ. ನಿಮ್ಮ ಗಂಡ ಅಲ್ಲ. ಒಬ್ಬನನ್ನ ಕಳಿಸಿಯಾಗಿದೆ, ಸಾಕಾಗಿದೆ ನಂಗೆ." ಅಪ್ಪಚ್ಚಿಯಾದ ಕೇಕನ್ನು ಎತ್ತಿಕೊಂಡು, ಯಾರಿಗೂ ಮುಖ ಕೊಡದೆ, ನಡೆದೇ ಇಳಿದುಹೋದಳು.

ಎಫ್ರೆನ್ ಬೈಯಲಿಲ್ಲ. ಬೈದಿದ್ದರೆ ಎಲೋದಿಯಾ ನಾಲ್ಕು ಮಾತು ತಿರುಗಿಸಿ ಹೇಳಿ, ಅತ್ತು ಹಗುರಾಗುತ್ತಿದ್ದಳೇನೋ. ಅವನು ಕಾರನ್ನು ಒಳಗೆ ತಳ್ಳಿದ. ಊಟಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಬಾಗಿಲಿಗೆ ಬಂದು, "ಕೂರ್ಲಾ?" ಎಂದಳು.

"ಬೇಡ."

ಅವನು ಒಂದು ಬಾಟಲಿಯಲ್ಲಿ ಅರ್ಧ ಬ್ರೇಕ್ ಆಯಿಲು ಹಾಕಿ, ತಿರುಪಿಗೆ ಸಿಕ್ಕಿಸಿದ ಸಣ್ಣ ಪಾರದರ್ಶಕ ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿದ್ದ. ತಾನೇ ಒಳಗೆ ಕೂತು ಪೆಡಲು ಒತ್ತಿದ, ಬಿಟ್ಟ, ಒತ್ತಿದ. ಗಾಳಿಯ ಗುಳ್ಳೆಗಳು ಬಾಟಲಿಯೊಳಗೆ ಬಂದು ಒಡೆದವು, ತಿರುಗಿ ಒಳಗೆ ಹೋಗಲಿಲ್ಲ. ಇಳಿದು ಬಂದು ತಿರುಪು ಬಿಗಿದ. ಇನ್ನೊಬ್ಬರ ಕಾಲು ಬೇಕಾಗಲೇ ಇಲ್ಲ. ಎಲೋದಿಯಾ ಬಾಗಿಲ ಚೌಕಟ್ಟು ಹಿಡಿದು ಅದನ್ನೇ ನೋಡುತ್ತ ನಿಂತಳು.

"ಹೀಗೂ ಆಗತ್ತಾ?" ಎಂದು ಕೇಳಿದಳು.

"ಆಗತ್ತೆ."

"ಯಾವಾಗ ಕಲ್ತೆ?"

"ಕೆಲ್ಸ ಕಲಿಯೋವಾಗ್ಲೇ. ನಿನ್ನ ನೋಡೋಕ್ಕೂ ಮುಂಚೆ."

"ಮತ್ತೆ ಇಷ್ಟು ವರ್ಷ ನನ್ನನ್ಯಾಕೆ ಕರೀತಿದ್ದೆ?"

ಎಫ್ರೆನ್ ಬಟ್ಟೆ ಚೂರಿನಿಂದ ಗಾಲಿಯ ಮೇಲೆ ಚೆಲ್ಲಿದ ಆಯಿಲನ್ನು ನಿಧಾನವಾಗಿ ಒರೆಸಿದ.

"ನೀನು ಹತ್ರ ಇರ್ತೀಯಲ್ಲ ಅಂತ," ಎಂದು ಹೇಳಿ, ಬಾಟಲಿ ಎತ್ತಿಕೊಂಡು ಮುಂದಿನ ಗಾಲಿಗೆ ಹೋದ.