ಓಂಕಾರಪ್ಪನ ಬಲಗಡೆಯ ಕಿಟಕಿ

ಓಂಕಾರಪ್ಪ ತೀರಿಹೋಗಿ ಎರಡು ತಿಂಗಳಾಯಿತು. ಅವನು ದಾವಣಗೆರೆಯವನು, ನಾನು ಹರಿಹರದವನು. ಒಂದೇ ಬ್ಯಾಂಕಿಗೆ ಒಟ್ಟಿಗೆ ಸೇರಿದವರು, ಕೊನೆಗೆ ಇಬ್ಬರೂ ಆಂಧ್ರಕ್ಕೆ ವರ್ಗವಾದೆವು. ನನಗೆ ವಿಜಯವಾಡದ ಆಟೋನಗರ್ ಶಾಖೆ. ಅವನಿಗೆ ವಿಶಾಖಪಟ್ಟಣದಿಂದಾಚೆ, ಕಾರ್ಖಾನೆಗಳ ಊರಾದ ಅಚ್ಯುತಾಪುರಂ. ಅಲ್ಲಿಗೆ ಬರುವ ಅಧಿಕಾರಿಗಳು ವಿಶಾಖಪಟ್ಟಣದಲ್ಲಿ ಮನೆ ಹಿಡಿದು ದಿನವೂ ಕಾರಿನಲ್ಲಿ ಓಡಾಡುತ್ತಾರೆ. ಓಂಕಾರಪ್ಪ ಅಚ್ಯುತಾಪುರದಲ್ಲೇ, ಬಸ್ ನಿಲ್ಲುವ ಜಾಗ ಕಿಟಕಿಯಿಂದ ಕಾಣುವಂಥ ಮಹಡಿ ಮನೆ ಹಿಡಿದ. ಪಟ್ಟಣ ಇರುವುದಕ್ಕಲ್ಲ, ಭಾನುವಾರ ಹೋಗಿ ನೋಡುವುದಕ್ಕೆ ಎನ್ನುತ್ತಿದ್ದ.

ನನ್ನಲ್ಲಿಗೆ ಬಂದಾಗಲೂ ಅಷ್ಟೇ. ಉಂಡವಲ್ಲಿ ಗುಹೆಗೆ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ ಕೇಳದೆ ನನ್ನನ್ನೂ ಬಸ್ಸಿಗೆ ಹತ್ತಿಸಿದ. ಹೋಗುವಾಗ ಎಡಕ್ಕೆ, ಬರುವಾಗ ಮತ್ತೆ ಎಡಕ್ಕೆ ಕೂತು, ಕೃಷ್ಣಾ ನದಿ ಯಾವ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆಂದು ಪರೀಕ್ಷೆ ಮಾಡಿದ. ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಹಲವು ವರ್ಷ ಕಳೆದವನು, ಯಾವ ಶಾಖೆಗಾದರೂ ಮುಂಚೆ ಒಬ್ಬನೇ ಹೋಗಿ ಸುತ್ತಾಡಿ ಬರುವ ಅಭ್ಯಾಸ ಅವನಿಗಿತ್ತು. ಇದೆಲ್ಲ ಯಾಕೆ ಎಂದು ಕೇಳಿದೆ.

"ದಸರಾಕ್ಕೆ ಉಮಾ ಬರ್ತಾಳೆ. ಹತ್ತು ದಿನ ಇದ್ದು ನೋಡಿ ಹೇಳ್ತಾಳಂತೆ. ಒಬ್ಬನೇ ಬೇಯಿಸ್ಕೊಂಡು ತಿಂದು ಸಾಕಾಗೈತೆ ಕಣೋ."

ಅವನ ಹೆಂಡತಿ ಉಮಾದೇವಿಯವರು ಮದುವೆಯಾದಂದಿನಿಂದ ಅವನ ಪ್ರತಿ ವರ್ಗಕ್ಕೂ ಮನೆಯ ಸಾಮಾನು ಕಟ್ಟಿ, ಬಿಚ್ಚಿ ಬೇಸತ್ತಿದ್ದರು. ಈ ಸಲ ಬರುವುದಿಲ್ಲವೆಂದು ದಾವಣಗೆರೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತ ಉಳಿದುಬಿಟ್ಟಿದ್ದರು. ಊರು ಹಿಡಿಸಿದರೆ ಬಂದಿರುವುದು. ಇಲ್ಲವಾದರೆ ಅವನು ನಿವೃತ್ತನಾಗುವವರೆಗೆ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ.

ಅವರಿಗೆ ಸಮುದ್ರ ತೋರಿಸಿದರೆ ಗೆದ್ದಂತೆ ಎಂದು ಅವನು ನಂಬಿದ್ದ. ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಬಸ್ಸು ಋಷಿಕೊಂಡ ದಾಟುವಾಗ ಸಮುದ್ರ ಬಲಗಡೆ. ಅದಕ್ಕೇ ಬಸ್ಸು ಹೊರಡುವ ಜಾಗದಲ್ಲೇ ಹತ್ತಬೇಕು, ಬಲಗಡೆಯ ಕಿಟಕಿ ಹಿಡಿಯಬೇಕು. ಇದನ್ನೆಲ್ಲ ಅವನು ಎಷ್ಟೋ ಭಾನುವಾರ ಹೋಗಿ ಬಂದು ಗಟ್ಟಿಮಾಡಿಕೊಂಡಿದ್ದ. ಆದರೆ ಹೋಗುತ್ತಿದ್ದುದು ಒಬ್ಬನೇ, ಕೂರುತ್ತಿದ್ದುದು ಹಿಂದೆ, ಗಂಡಸರ ಸೀಟಿನಲ್ಲಿ. ಹೆಂಡತಿ ಹತ್ತುವುದು ಮುಂದಿನ ಬಾಗಿಲಿನಿಂದ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ಭಾನುವಾರದ ಬಸ್ಸುಗಳು ತುಂಬಿರುತ್ತಿದ್ದವು. ದಸರಾಕ್ಕೆ ಬಂದ ಉಮಾದೇವಿಯವರನ್ನು ಅವನು ಭೀಮಿಲಿಗೆ ಹೊರಡಿಸಿದ ದಿನ ಗುಂಪು ಅವರನ್ನು ಮುಂದಕ್ಕೆ ಎಳೆದುಕೊಂಡಿತು, ಅವನನ್ನು ಹಿಂದಕ್ಕೆ ದಬ್ಬಿತು. ಅವರಿಗೆ ಸಿಕ್ಕಿದ್ದು ಎಡಗಡೆಯ ಸೀಟು, ಅದೂ ಕಿಟಕಿಯದಲ್ಲ. ನಮ್ಮ ಕಡೆಯ ರೂಢಿಯಂತೆ ಅವರು ಆಧಾರ್ ಕಾರ್ಡು ತೆಗೆದು ಧೈರ್ಯವಾಗಿ ಮುಂದೆ ಹಿಡಿದರು. ಕಂಡಕ್ಟರಮ್ಮ ಅದನ್ನು ತಿರುಗಿಸಿ ನೋಡಿದಳು.

"ಮೀ ಫ್ರೀ ಕರ್ನಾಟಕಲೋನೇ ಅಮ್ಮಾ, ಇಕ್ಕಡ ಕಾದು."

ಉಚಿತ ನಿಮ್ಮ ಕರ್ನಾಟಕದಲ್ಲೇ, ಇಲ್ಲಲ್ಲ ಎಂಬ ಆ ಮಾತಿಗೆ ಮುಂದಿನ ಸೀಟುಗಳೆಲ್ಲ ನಕ್ಕವು. ಹಿಂದಿನಿಂದ ಓಂಕಾರಪ್ಪ ತಲೆಗಳ ಮೇಲೆ ನೋಟು ಬೀಸಿ, ಆ ಟಿಕೆಟ್ಟಿನ ದುಡ್ಡು ತಾನು ಕೊಡುತ್ತೇನೆ ಎಂದು ಕೂಗಿದನಂತೆ.

ಉಮಾದೇವಿಯವರ ಪಕ್ಕದಲ್ಲಿ ಕೂತಿದ್ದ ಹುಡುಗಿ ಸಾಯಿಪ್ರಿಯಾ ಅಚ್ಯುತಾಪುರದ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಓಂಕಾರಪ್ಪನ ಹಿಂದಿನ ಬೀದಿಯ ಹಾಸ್ಟೆಲಿನಲ್ಲೇ ಇರುವವಳು. ಭಾನುವಾರದ ರಜೆಗೆ ತನ್ನ ಊರು ಭೀಮಿಲಿಗೆ ಹೊರಟಿದ್ದಳು. ನಗು ನಿಂತ ಮೇಲೆ ಅವಳ ರವಿಕೆಯ ತೋಳು ಎಳೆದುಕೊಂಡಿರುವುದು ಉಮಾದೇವಿಯವರ ಕಣ್ಣಿಗೆ ಬಿತ್ತು. ಅವರಿಗೆ ತೆಲುಗು ಬಾರದು, ಅವಳಿಗೆ ಕನ್ನಡ ಬಾರದು. ಕಂಕುಳ ಕಟಿಂಗ್ ಹೇಗೆ ತೆಗೆಯಬೇಕೆಂದು ಕೈಯಲ್ಲಿ ತೋರಿಸುತ್ತ ಹೋದರು. ದಿನವಿಡೀ ಕಾಲರು ಮಾತ್ರ ಹೊಲಿಯುವ ಆ ಹುಡುಗಿಗೆ ಒಂದು ರವಿಕೆಯನ್ನು ಪೂರ್ತಿ ಹೊಲಿಯುವುದು ಗೊತ್ತಿರಲಿಲ್ಲ.

ಸಂಜೆ ಓಂಕಾರಪ್ಪ ನನಗೆ ಫೋನ್ ಮಾಡಿದ.

"ಸಮುದ್ರದ ಕಡೆ ಒಂದ್ಸಲನೂ ತಿರುಗಿ ನೋಡ್ಲಿಲ್ಲ ಕಣೋ. ಮುಗೀತು ಬಿಡು."

ಆ ವಾರವಿಡೀ ಸಂಜೆ ಸಾಯಿಪ್ರಿಯಾ ಹಾಸ್ಟೆಲಿನ ಗೆಳತಿಯರನ್ನು ಕಟ್ಟಿಕೊಂಡು, ರವಿಕೆ ಹೊಲಿಯುವುದು ಕಲಿಯಲು ಅವನ ಮನೆಗೆ ಬಂದಳು. ಊರಿಗೆ ಹೊರಡುವ ಹಿಂದಿನ ದಿನ ಉಮಾದೇವಿಯವರು, ಹೊಲಿಗೆ ಮಷೀನನ್ನು ದಾವಣಗೆರೆಯಿಂದ ಲಾರಿಗೆ ಹಾಕಿಸಲು ಗಂಡನಿಗೆ ಹೇಳಿದರು. ಇನ್ನೊಂದು ಮಾತೂ ಹೇಳಿದರು.

"ಮೊದ್ಲು ಆ ಕಾರ್ಡಿನ ವಿಳಾಸ ಬದಲಾಯಿಸ್ರಿ. ಎಲ್ಲರ ಮುಂದೆ ನೀವು ನೋಟು ಬೀಸೋದು ನಂಗೆ ಬೇಡ."

ಆ ಮಾತನ್ನು ಅವನು ಫೋನಿನಲ್ಲಿ ನನಗೆ ಮತ್ತೆ ಮತ್ತೆ ಹೇಳಿದ. ಆ ಚಳಿಗಾಲ ಇಬ್ಬರೂ ಸಿಂಹಾಚಲ, ಕೈಲಾಸಗಿರಿ ಎಂದು ಬಸ್ಸಿನಲ್ಲೇ ಸುತ್ತಿದರು, ಅವರು ಮುಂದೆ, ಅವನು ಹಿಂದೆ. ಆಮೇಲೊಂದು ಬೆಳಗ್ಗೆ ಬ್ಯಾಂಕಿಗೆ ನಡೆದು ಹೋಗುವಾಗ ಎದೆನೋವು ಬಂತು. ಅನಕಾಪಲ್ಲಿಯ ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದ.

ಕರ್ಮಗಳು ಮುಗಿದ ಮೇಲೆ ಮಗಳು ಮೇಧಾ ತಾಯಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಮನೆ ಖಾಲಿ ಮಾಡಲು ಉಮಾದೇವಿಯವರು ಹೋದ ವಾರ ಬಂದರು. ಸಾಮಾನು ಕಟ್ಟಲು ನಾನು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದೆ. ಭಾನುವಾರ ಬೆಳಗ್ಗೆ ಅವರು ಅವುಗಳನ್ನು ಮೂಲೆಗೆ ಸರಿಸಿ, ಭೀಮಿಲಿಗೆ ಹೋಗಿಬರೋಣ ಎಂದರು.

ಸಾಯಿಪ್ರಿಯಾ ಜೊತೆಗಿದ್ದಳು. ಇಬ್ಬರೂ ಮುಂದೆ ಹತ್ತಿದರು. ಉಮಾದೇವಿಯವರು ಕಾರ್ಡು ತೋರಿಸಿದರು. ಕಂಡಕ್ಟರ್ ಅಚ್ಯುತಾಪುರಂ ಎಂದು ಓದಿ, ಕಾರ್ಡು ಹಿಂದಿರುಗಿಸಿದ. ನಾನು ನನ್ನ ಟಿಕೆಟ್ ತೆಗೆದುಕೊಂಡು ಹಿಂದೆ ಖಾಲಿಯಿದ್ದ ಸೀಟಿನತ್ತ ನಡೆದೆ. ಅವರು ತಿರುಗಿ ನೋಡಿದರು.

"ದಿನಕರಣ್ಣ, ಬಲಗಡೆ ಕೂತ್ಕೊಳ್ರಿ."

ಕೂತೆ. ಋಷಿಕೊಂಡದ ತಿರುವಿನಲ್ಲಿ ಸಮುದ್ರ ಅವನು ಹೇಳಿದ್ದ ಜಾಗದಲ್ಲೇ ಬಂತು. ಮುಂದೆ ಉಮಾದೇವಿಯವರು ಆ ಹುಡುಗಿಯ ಭುಜದ ಮೇಲೆ ಬೆರಳಿನಿಂದ ಅಳತೆ ತೋರಿಸುತ್ತಿದ್ದರು.

ಸಂಜೆ ಮನೆಗೆ ಬಂದ ಮೇಲೆ, ಖಾಲಿ ಪೆಟ್ಟಿಗೆಗಳನ್ನು ನಾನೇ ವಾಪಸ್ ತೆಗೆದುಕೊಂಡು ಹೋಗಬೇಕೆಂದು ಹೇಳಿದರು. ಮೇಧಾಗೆ ಫೋನಿನಲ್ಲಿ ಅವರೇ ತಿಳಿಸುತ್ತಾರಂತೆ. ಮಷೀನಿಗೆ ಎಣ್ಣೆ ಬಿಡುವುದಿತ್ತು, ಮರುದಿನ ಸಂಜೆ ಹುಡುಗಿಯರು ಬರುವವರಿದ್ದರು.